ಶ್ಲೋಕಸಂಖ್ಯೆ: ಪುಣೆಯ ಪುಟದಿಂದ ಕಂಪ್ಯೂಟರಿಗೆ

ಮಹಾಭಾರತದ ಶ್ಲೋಕಗಳನ್ನು ಕಂಪ್ಯೂಟರಿನಲ್ಲಿ ಗುರುತಿಸುವ ಎಂಟು ಅಂಕಿಗಳ ಸಂಖ್ಯೆಯ ಬೇರು ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯಲ್ಲಿದೆ. 1917ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1919ರಲ್ಲಿ ಮಹಾಭಾರತದ ಪರಿಷ್ಕರಣಕ್ಕೆ ಕೈಹಾಕಿತು. ಆವರೆಗೆ ಎಣಿಕೆಯಲ್ಲೇ ಒಮ್ಮತವಿರಲಿಲ್ಲ. 1834–39ರ ಕಲ್ಕತ್ತಾ ಮುದ್ರಣ ಪರ್ವದುದ್ದಕ್ಕೂ ಶ್ಲೋಕಗಳನ್ನು ಬಿಡದೆ ಎಣಿಸಿದರೆ, ಮುಂಬಯಿ ಮುದ್ರಣ ಪ್ರತಿ ಅಧ್ಯಾಯದಲ್ಲೂ ಒಂದರಿಂದ ಶುರುಮಾಡುತ್ತಿತ್ತು.

1925ರಲ್ಲಿ ಪ್ರಧಾನ ಸಂಪಾದಕರಾದ ವಿ. ಎಸ್. ಸುಖಠಣಕರ್ ಅವರ ಮುಂದಿದ್ದ ತೊಡಕು ಬೇರೆ. ಕೆಲವೇ ಹಸ್ತಪ್ರತಿಗಳಲ್ಲಿರುವ ಸಾಲುಗಳನ್ನು ಎಣಿಕೆಗೆ ಸೇರಿಸಿದರೆ ಮೂಲಪಾಠ ಕಲಬೆರಕೆಯಾಗುತ್ತದೆ. ಬಿಟ್ಟೇಬಿಟ್ಟರೆ ಅವನ್ನು ಉಲ್ಲೇಖಿಸಲು ದಾರಿಯಿಲ್ಲ. ಪುಣೆ ಆವೃತ್ತಿ ಇದನ್ನು ಜಾಣತನದಿಂದ ಬಿಡಿಸಿತು. ಅಂಗೀಕೃತ ಶ್ಲೋಕಗಳಿಗಷ್ಟೇ ಸಾಮಾನ್ಯ ಸಂಖ್ಯೆ. ಹೆಚ್ಚುವರಿ ಸಾಲುಗಳು ಪುಟದಡಿಗೆ ಇಳಿದು, ನಕ್ಷತ್ರಚಿಹ್ನೆಯೊಂದಿಗೆ ತಮ್ಮದೇ ಸರಣಿಯಲ್ಲಿ ಎಣಿಕೆ ಪಡೆದವು. ದೀರ್ಘ ಪ್ರಸಂಗಗಳು ಅನುಬಂಧ ಸೇರಿದವು. ವ್ಯಾಸರಿಗೆ ಗಣೇಶ ಲಿಪಿಕಾರನಾದ ಜನಪ್ರಿಯ ಕಥೆ ಕೂಡ ಅಲ್ಲಿಗೇ ಹೋಯಿತು. ಆದಿಪರ್ವ 1933ರಲ್ಲಿ ಪೂರ್ಣಗೊಂಡಿತು. ಸುಖಠಣಕರ್ 1943ರಲ್ಲಿ ತೀರಿಕೊಂಡ ಮೇಲೆ ಎಸ್. ಕೆ. ಬೇಲ್ವಲ್ಕರ್, ಬಳಿಕ ಪಿ. ಎಲ್. ವೈದ್ಯ ಕೆಲಸ ಮುಂದುವರಿಸಿದರು; 1966ಕ್ಕೆ ಹದಿನೆಂಟೂ ಪರ್ವಗಳು ಮುಗಿದವು.

ಕ್ಯೋಟೊದ ಮುನೆಒ ತೊಕುನಾಗ ಈ ಪಾಠವನ್ನು ಕಂಪ್ಯೂಟರಿಗೆ ಇಳಿಸಿದರು. ಕೇಂಬ್ರಿಜ್‌ನ ಜಾನ್ ಸ್ಮಿತ್ ಅದನ್ನು ತಿದ್ದಿದರು. ಅಲ್ಲಿ ಪ್ರತಿ ಶ್ಲೋಕದ ಸಂಖ್ಯೆಯಲ್ಲಿ ಪರ್ವಕ್ಕೆ ಎರಡು ಅಂಕಿ, ಅಧ್ಯಾಯಕ್ಕೆ ಮೂರು, ಶ್ಲೋಕಕ್ಕೆ ಮೂರು. ಶಾಂತಿಪರ್ವದಲ್ಲಿ 353 ಅಧ್ಯಾಯಗಳಿವೆ, ಆದಿಪರ್ವದ ಮೊದಲ ಅಧ್ಯಾಯದಲ್ಲೇ 210 ಶ್ಲೋಕಗಳಿವೆ; ಎರಡೆರಡು ಅಂಕಿ ಸಾಲದು. ಭಗವದ್ಗೀತೆಯ ಮೊದಲ ಶ್ಲೋಕ ಹೀಗೆ 06023001, ಕೊನೆಯದು 06040078. ಮುಂದಿನ ಸೊನ್ನೆಗಳು ಅಲಂಕಾರವಲ್ಲ: ಅವಿಲ್ಲದಿದ್ದರೆ ಅಕ್ಷರಗಳಂತೆ ವಿಂಗಡಿಸುವ ಯಂತ್ರ 2ಕ್ಕಿಂತ ಮೊದಲು 10ನ್ನು ಇಡುತ್ತದೆ.

ಇಂಥ ಸಂಖ್ಯೆ ಹುಟ್ಟಿಸುವ ಕೋಡ್ ಕೆಲವೇ ಸಾಲಿನದು. ಒಂದರೊಳಗೊಂದು ಮೂರು ಎಣಿಕೆಗಳು. ಹೊರಗಿನದು ಒಂದು ಹೆಜ್ಜೆ ಮುಂದಿಟ್ಟಾಗ ಒಳಗಿನವು ಒಂದಕ್ಕೆ ಮರಳಬೇಕು. ಪ್ರತಿ ಹಂತಕ್ಕೆ ಎಷ್ಟು ಅಂಕಿ ಎಂಬುದನ್ನು ಹೊರಗಿನಿಂದ ಕೊಡುವಂತೆ ಬರೆದಿಟ್ಟರೆ ಅದೇ ಪುಟ್ಟ ಕೋಡ್ ರಾಮಾಯಣದ ಕಾಂಡ, ಸರ್ಗಗಳಿಗೂ, ಕುಮಾರವ್ಯಾಸನ ಪರ್ವ, ಸಂಧಿ, ಪದ್ಯಗಳಿಗೂ ಸಾಕು. ಆದರೆ ಒಂದು ಆವೃತ್ತಿಯ ಸಂಖ್ಯೆಯನ್ನು ಇನ್ನೊಂದಕ್ಕೆ ಬದಲಿಸಲು ಅದು ಬಾರದು. ಗೀತೆ ಪುಣೆ ಪಾಠದಲ್ಲಿ ಭೀಷ್ಮಪರ್ವದ 23ನೇ ಅಧ್ಯಾಯದಿಂದ, ಮುಂಬಯಿ ಪಾಠದಲ್ಲಿ 25ರಿಂದ ಆರಂಭ. ಈ ಅಂತರ ಎಲ್ಲೆಡೆ ಒಂದೇ ಅಲ್ಲದ್ದರಿಂದ ಕೂಡಿಸಿ ಕಳೆಯುವ ಸೂತ್ರ ನಡೆಯದು. ಹೊಂದಾಣಿಕೆಯ ಪಟ್ಟಿಯೇ ಬೇಕು.