ಎಲ್ಲಿಂದ ಅಳೆಯಬೇಕು: ಸ್ಟೀರಿಯೊಟ್ಯಾಕ್ಟಿಕ್ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಮೂಲಬಿಂದುವಿನ ಪ್ರಶ್ನೆ

ಮಿದುಳಿನ ಆಳದ ಒಂದು ಬಿಂದುವಿಗೆ ಮಿಲಿಮೀಟರ್ ಲೆಕ್ಕದಲ್ಲಿ ಸೂಜಿ ಇಳಿಸುವ ಉಪಕರಣದ ವಿವರ 1908ರಲ್ಲೇ ಲಂಡನ್ನಿನಿಂದ ಪ್ರಕಟವಾಗಿತ್ತು. ಅದೇ ತತ್ತ್ವದಿಂದ ಮನುಷ್ಯರ ಮಿದುಳಿನ ಆಳಕ್ಕೆ ಇಳಿದ ಶಸ್ತ್ರಚಿಕಿತ್ಸೆಯ ವರದಿ ಬಂದದ್ದು 1947ರಲ್ಲಿ, ಫಿಲಡೆಲ್ಫಿಯಾದಿಂದ. ನಡುವೆ 39 ವರ್ಷ. ಆ ಅವಧಿಯಲ್ಲಿ ನರಶಸ್ತ್ರಚಿಕಿತ್ಸೆ ಸುಮ್ಮನೆ ಕೂತಿರಲಿಲ್ಲ. ಗೆಡ್ಡೆಗಳನ್ನು ತೆಗೆಯುವುದು, ರಕ್ತಸ್ರಾವ ತಡೆಯುವುದು, ನರಗಳನ್ನು ಕತ್ತರಿಸಿ ನೋವು ನೀಗುವುದು ಎಲ್ಲವೂ ಭರದಿಂದ ಬೆಳೆದವು. ಹಾಗಿದ್ದರೂ ಈ ಒಂದು ದಾರಿ ಯಾಕೆ ಮುಚ್ಚಿಕೊಂಡೇ ಇತ್ತು?

ಈ ಚರಿತ್ರೆಯನ್ನು ಸಾಮಾನ್ಯವಾಗಿ ಉಪಕರಣಗಳ ಚರಿತ್ರೆಯಾಗಿ ಹೇಳುತ್ತಾರೆ. ಒಂದು ಫ್ರೇಮ್ ಹೋಗಿ ಇನ್ನೊಂದು ಬಂತು, ಒಂದೊಂದು ಸಲವೂ ನಿಖರತೆ ಹೆಚ್ಚಿತು ಎನ್ನುವ ಕಥನ ಅದು. ಘಟನೆಗಳನ್ನು ಕ್ರಮವಾಗಿ ಜೋಡಿಸಿ ನೋಡಿದಾಗ ನನಗೆ ಕಾಣುವುದು ಬೇರೆ. ಅಳೆಯುವ ಸಾಧನ ಮೊದಲಿನಿಂದಲೂ ಸಾಕಷ್ಟು ನಿಖರವಾಗಿಯೇ ಇತ್ತು. ಅಳತೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಖಾತರಿ ಇರಲಿಲ್ಲ. ಸರಪಳಿ ಎಷ್ಟೇ ಸರಿಯಿರಲಿ, ಬಾಂದುಕಲ್ಲು ಸರಿದಿದ್ದರೆ ಜಮೀನಿನ ಅಳತೆಯೆಲ್ಲ ತಪ್ಪಾಗುತ್ತದಲ್ಲ, ಹಾಗೆ. ಸ್ಟೀರಿಯೊಟ್ಯಾಕ್ಸಿ ಎಂಬ ಈ ವಿದ್ಯೆಯ ನೂರು ವರ್ಷಗಳನ್ನು ಆ ಬಾಂದುಕಲ್ಲಿನ ಹುಡುಕಾಟವಾಗಿ ಓದಿದರೆ ಅದರ ತಿರುವುಗಳು ಹೆಚ್ಚು ಸ್ಪಷ್ಟವಾಗುತ್ತವೆ.

1908ರ ಆ ಉಪಕರಣದ ಹಿಂದೆ ಇಬ್ಬರಿದ್ದರು. ವಿಕ್ಟರ್ ಹೋರ್ಸ್ಲಿ ಆ ಕಾಲದ ಬ್ರಿಟನ್ನಿನ ಹೆಸರಾಂತ ಮಿದುಳು ಶಸ್ತ್ರಚಿಕಿತ್ಸಕ. ರಾಬರ್ಟ್ ಹೆನ್ರಿ ಕ್ಲಾರ್ಕ್ ಅವನ ಸಹೋದ್ಯೋಗಿ, ಗಣಿತದ ಕಡೆ ಒಲವಿದ್ದವನು. ಕೋತಿಯ ಕಿರುಮಿದುಳಿನ ಒಳಗೆ ಹುದುಗಿರುವ ನರಕೋಶಗಳ ಗುಂಪುಗಳು ಏನು ಕೆಲಸ ಮಾಡುತ್ತವೆ ಎಂದು ತಿಳಿಯುವುದು ಅವರ ಉದ್ದೇಶ. ಅದಕ್ಕೆ ಆ ಗುಂಪುಗಳನ್ನಷ್ಟೇ ಸುಡಬೇಕು, ಮೇಲಿನ ಭಾಗಕ್ಕೆ ಹಾನಿಯಾಗಬಾರದು. ಕ್ಲಾರ್ಕನ ಪರಿಹಾರ ಸರಳವಾಗಿತ್ತು. ಕೋತಿಯ ಎರಡೂ ಕಿವಿಯ ರಂಧ್ರಗಳಿಗೆ ಲೋಹದ ಕಡ್ಡಿ ತೂರಿಸಿ, ಕಣ್ಣುಗೂಡಿನ ಕೆಳ ಅಂಚಿಗೆ ಪಟ್ಟಿ ಕೊಟ್ಟು ತಲೆಯನ್ನು ಅಲುಗದಂತೆ ಬಿಗಿಯುವುದು. ಈ ಮೂಳೆಗುರುತುಗಳಿಂದ ಒಂದಕ್ಕೊಂದು ಲಂಬವಾದ ಮೂರು ಸಮತಲಗಳನ್ನು ಕಲ್ಪಿಸಿಕೊಂಡರೆ, ಮಿದುಳಿನ ಯಾವ ಬಿಂದುವನ್ನಾದರೂ ಮೂರು ಸಂಖ್ಯೆಗಳಲ್ಲಿ ಹೇಳಬಹುದು: ಎಷ್ಟು ಮುಂದೆ, ಎಷ್ಟು ಪಕ್ಕಕ್ಕೆ, ಎಷ್ಟು ಕೆಳಗೆ. ಶಾಲೆಯಲ್ಲಿ ಕಲಿಯುವ ಕಾರ್ಟೀಸಿಯನ್ ನಿರ್ದೇಶಾಂಕಗಳೇ ಇವು. 1908ರಲ್ಲಿ ‘ಬ್ರೈನ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ದೀರ್ಘ ಪ್ರಬಂಧ ಉಪಕರಣವನ್ನೂ ಆ ಸಂಖ್ಯೆಗಳನ್ನು ಓದುವ ಕ್ರಮವನ್ನೂ ಒಟ್ಟಿಗೆ ಕೊಟ್ಟಿತು.

ಕೋತಿಯಲ್ಲಿ ಇದು ನಡೆಯಿತು, ಏಕೆಂದರೆ ಒಂದೇ ಜಾತಿಯ, ಹತ್ತಿರಹತ್ತಿರ ಒಂದೇ ಗಾತ್ರದ ಕೋತಿಗಳ ಚಿಕ್ಕ ತಲೆಬುರುಡೆಗಳಲ್ಲಿ ಮೂಳೆಗೂ ಮಿದುಳಿಗೂ ಇರುವ ಸಂಬಂಧ ಹೆಚ್ಚು ಬದಲಾಗುವುದಿಲ್ಲ. ಮನುಷ್ಯರಲ್ಲಿ ಹಾಗಲ್ಲ. ಒಬ್ಬರ ಬುರುಡೆ ಉದ್ದ, ಇನ್ನೊಬ್ಬರದು ಅಗಲ. ಕಿವಿಯ ರಂಧ್ರದಿಂದ ಮಿದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗದವರೆಗಿನ ಅಂತರ ಆಳಿಂದಾಳಿಗೆ ಹಲವು ಮಿಲಿಮೀಟರ್ ಹೆಚ್ಚುಕಮ್ಮಿ. ಮಿದುಳಿನ ಆಳದಲ್ಲಿ ಅಷ್ಟು ವ್ಯತ್ಯಾಸವೆಂದರೆ ನಡುಕ ನಿಲ್ಲಿಸಲು ಹೋದ ಸೂಜಿ ಕೈಕಾಲಿನ ಶಕ್ತಿಯನ್ನೇ ಕಸಿಯಬಹುದು. ಮಾಸ್ಕೋದ ಅಂಗರಚನಾ ತಜ್ಞ ಝೆರ್ನೋವ್ 1889ರಲ್ಲೇ ತಲೆಯ ಮೇಲೆ ಕೂರಿಸುವ ‘ಎನ್‌ಸೆಫಲೋಮೀಟರ್’ ರಚಿಸಿದ್ದ. ಅದು ಮಿದುಳಿನ ಮೇಲ್ಮೈಯ ಭಾಗಗಳನ್ನು ಗುರುತಿಸಲು ನೆರವಾಯಿತೇ ಹೊರತು ಆಳದ ವಿಷಯದಲ್ಲಿ ಇದೇ ತೊಡಕು ಉಳಿಯಿತು. ಕ್ಲಾರ್ಕ್ 1914ರಲ್ಲಿ ಪೇಟೆಂಟ್ ಪಡೆದಾಗ ಮನುಷ್ಯರಲ್ಲಿ ಬಳಸುವ ಸಾಧ್ಯತೆಯನ್ನೂ ಸೂಚಿಸಿದ್ದ. ಅವನೊಂದಿಗೆ ಕೆಲಸ ಮಾಡಿದ್ದ ಆಬ್ರಿ ಮಸ್ಸೆನ್ 1918ರ ಸುಮಾರಿಗೆ ಮನುಷ್ಯರ ತಲೆಗೆ ಹೊಂದುವ ಹಿತ್ತಾಳೆಯ ಉಪಕರಣವನ್ನೇ ಮಾಡಿಸಿದ. ಯಾವ ಶಸ್ತ್ರಚಿಕಿತ್ಸಕನೂ ಅದನ್ನು ಬಳಸಲು ಮುಂದೆ ಬರಲಿಲ್ಲ. ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಅದು ಬೆಳಕಿಗೆ ಬಂದದ್ದು ದಶಕಗಳ ನಂತರ. ಶಸ್ತ್ರಚಿಕಿತ್ಸಕರ ಈ ಹಿಂಜರಿಕೆಯನ್ನು ಉದಾಸೀನವೆಂದು ಬರೆದವರಿದ್ದಾರೆ. ನಾನು ಅದನ್ನು ವಿವೇಕವೆಂದೇ ಕರೆಯುತ್ತೇನೆ. ಮೂಳೆಯಿಂದ ಅಳೆದು ಮಿದುಳಿಗೆ ಇಳಿಯುವುದು ಆಗ ಊಹೆಯ ಕೆಲಸವೇ ಆಗಿತ್ತು.

ಮೂಳೆಯಿಂದಲೇ ಅಳೆದು ಗೆದ್ದ ಒಂದು ಉದಾಹರಣೆ ಇದೇ ಮಾತನ್ನು ಇನ್ನೊಂದು ಬದಿಯಿಂದ ಸಾಬೀತು ಮಾಡುತ್ತದೆ. ಜರ್ಮನಿಯ ಮಾರ್ಟಿನ್ ಕಿರ್ಷ್ನರ್ 1930ರ ದಶಕದ ಆರಂಭದಲ್ಲಿ, ಮುಖದ ಅಸಹನೀಯ ನರನೋವಿಗೆ, ಕೆನ್ನೆಯಿಂದ ಸೂಜಿ ತೂರಿಸಿ ಬುರುಡೆಯ ತಳದ ಫೋರಾಮೆನ್ ಓವೆಲ್ ಎಂಬ ರಂಧ್ರದ ಮೂಲಕ ನರಗ್ರಂಥಿಯನ್ನು ಸುಡುವ ಉಪಕರಣವನ್ನು ಬಳಕೆಗೆ ತಂದ. ಅಲ್ಲಿ ಗುರಿಗೆ ಹೋಗುವ ಬಾಗಿಲೇ ಮೂಳೆಯಲ್ಲಿತ್ತು. ಹಾಗಾಗಿ ಮೂಳೆಯ ಗುರುತು ಸಾಕಾಯಿತು.

ಮಿದುಳಿನ ಒಳಗಡೆಯೇ ಗುರುತು ಸಿಗುವ ದಾರಿಯನ್ನು ತೆರೆದವನು ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ, 1918ರಲ್ಲಿ. ಮಿದುಳಿನ ಕುಹರಗಳಲ್ಲಿರುವ ದ್ರವವನ್ನು ತೆಗೆದು ಗಾಳಿ ತುಂಬಿಸಿದರೆ ಎಕ್ಸ್-ರೇಯಲ್ಲಿ ಆ ಕುಹರಗಳ ಆಕಾರ ಮೂಡುತ್ತದೆ. ರೋಗಿಗೆ ಇದು ತುಂಬ ಯಾತನೆಯ ಪರೀಕ್ಷೆ. ಆದರೆ ಜೀವಂತ ಮಿದುಳಿನ ಒಳಗಿನ ಗಡಿರೇಖೆಯೊಂದು ಮೊದಲ ಸಲ ಕಣ್ಣಿಗೆ ಕಂಡಿತು. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ವಿಯೆನ್ನಾದಿಂದ ಬಂದ ನರವಿಜ್ಞಾನಿ ಅರ್ನೆಸ್ಟ್ ಸ್ಪೀಗೆಲ್ ಮತ್ತು ಶಸ್ತ್ರಚಿಕಿತ್ಸಕ ಹೆನ್ರಿ ವೈಸಿಸ್ ಕ್ಲಾರ್ಕನ ಜ್ಯಾಮಿತಿಯನ್ನೂ ಡ್ಯಾಂಡಿಯ ಚಿತ್ರವನ್ನೂ ಒಂದುಗೂಡಿಸಿದರು. ಪ್ರತಿ ರೋಗಿಯ ತಲೆಗೆ ಪ್ಲಾಸ್ಟರಿನ ಟೋಪಿ ಎರಕ ಹೊಯ್ದು ಅದಕ್ಕೆ ಉಪಕರಣ ಜೋಡಿಸುತ್ತಿದ್ದರು. ಅದೇ ಸ್ಥಿತಿಯಲ್ಲಿ ಎಕ್ಸ್-ರೇ ತೆಗೆದು, ಕುಹರದ ಅಂಚು ಹಾಗೂ ಸುಣ್ಣಗಟ್ಟಿದ ಪೀನಿಯಲ್ ಗ್ರಂಥಿಯಿಂದ ಗುರಿಯ ಅಂತರ ಲೆಕ್ಕ ಹಾಕುತ್ತಿದ್ದರು. 1947ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಬಂತು. 1952ರಲ್ಲಿ ಮನುಷ್ಯರ ಮಿದುಳಿನ ಅಟ್ಲಾಸ್ ಪ್ರಕಟವಾಯಿತು. ಅವರ ಮೊದಲ ಪ್ರೇರಣೆಯನ್ನೂ ಮರೆಯಬಾರದು. ಮನೋರೋಗಿಗಳ ಮಿದುಳಿನ ಮುಂಭಾಗವನ್ನು ಕುರುಡಾಗಿ ಕತ್ತರಿಸುವ ಲೋಬಾಟಮಿ ಆಗ ಅಮೆರಿಕದಲ್ಲಿ ವ್ಯಾಪಕವಾಗಿ ನಡೆಯುತ್ತಿತ್ತು. ಅದರ ಬದಲು ಥಲಾಮಸ್‌ನ ಒಂದು ಸಣ್ಣ ಭಾಗವನ್ನಷ್ಟೇ ಮುಟ್ಟಿ ಹಾನಿ ತಗ್ಗಿಸಬೇಕೆಂಬುದು ಅವರ ಹಂಬಲವಾಗಿತ್ತು.

ಪ್ಯಾರಿಸ್ಸಿನ ಝಾನ್ ತಲೈರಾಕ್ ಈ ಗುರುತನ್ನು ಇನ್ನಷ್ಟು ಭದ್ರಗೊಳಿಸಿದ. ಮಿದುಳಿನ ಎಡ ಬಲ ಭಾಗಗಳನ್ನು ಬೆಸೆಯುವ ಎರಡು ಸಣ್ಣ ನರತಂತುಗಳ ಕಟ್ಟುಗಳು ಮೂರನೆಯ ಕುಹರದ ಮುಂದೊಂದು, ಹಿಂದೊಂದು ಇವೆ. ಅವಕ್ಕೆ ಮುಂದಿನ ಕಮಿಷರ್, ಹಿಂದಿನ ಕಮಿಷರ್ ಎಂದು ಹೆಸರು. ನಡುವಿನ ದೂರ ಎರಡೂವರೆ ಸೆಂಟಿಮೀಟರ್‌ಗೆ ಹತ್ತಿರ. ಇವೆರಡನ್ನು ಸೇರಿಸುವ ಗೆರೆಯನ್ನೇ ಮೂಲರೇಖೆ ಮಾಡಿಕೊಂಡರೆ ತಲೆಬುರುಡೆಯ ಆಕಾರದ ಹಂಗು ಬಹುಮಟ್ಟಿಗೆ ತಪ್ಪುತ್ತದೆ. ಇಂದಿಗೂ ಪಾರ್ಕಿನ್ಸನ್ ಕಾಯಿಲೆಯ ಶಸ್ತ್ರಚಿಕಿತ್ಸೆಯಲ್ಲಿ ಗುರಿಯಾಗುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನ ಸ್ಥಾನವನ್ನು ಈ ಗೆರೆಯ ಮಧ್ಯಬಿಂದುವಿನಿಂದಲೇ ಹೇಳುತ್ತಾರೆ: ಸುಮಾರು 12 ಮಿ.ಮೀ. ಪಕ್ಕಕ್ಕೆ, 3ರಿಂದ 4 ಮಿ.ಮೀ. ಹಿಂದಕ್ಕೆ, 4 ಮಿ.ಮೀ. ಕೆಳಕ್ಕೆ. ಈ ಸಂಖ್ಯೆಗಳು ಆರಂಭವಷ್ಟೇ; ಆಯಾ ರೋಗಿಯ ಚಿತ್ರ ನೋಡಿ ತಿದ್ದಿಕೊಳ್ಳಲೇಬೇಕು.

ಸ್ಟಾಕ್‌ಹೋಮಿನ ಲಾರ್ಸ್ ಲೆಕ್ಸೆಲ್ 1949ರಲ್ಲಿ ಪ್ರಕಟಿಸಿದ ಫ್ರೇಮ್ ಬೇರೊಂದು ಬಗೆಯ ಜಾಣ್ಮೆ. ಅದರಲ್ಲಿ ಅರ್ಧವೃತ್ತಾಕಾರದ ಒಂದು ಕಮಾನು ಇದೆ. ಗುರಿಯ ಮೂರು ಸಂಖ್ಯೆಗಳನ್ನು ಹೊಂದಿಸಿದಾಗ ಕಮಾನಿನ ಕೇಂದ್ರ ಸರಿಯಾಗಿ ಗುರಿಯ ಮೇಲೆ ಬಂದು ನಿಲ್ಲುತ್ತದೆ. ಆಮೇಲೆ ಸೂಜಿಯನ್ನು ಕಮಾನಿನ ಯಾವ ಜಾಗದಿಂದ ಬಿಟ್ಟರೂ, ಕಮಾನನ್ನು ಎಷ್ಟು ಓರೆ ಮಾಡಿದರೂ, ತ್ರಿಜ್ಯದಷ್ಟು ಉದ್ದ ಒಳಹೋದ ತುದಿ ಗುರಿಗೇ ಮುಟ್ಟುತ್ತದೆ. ಹಾಗಾಗಿ ಶಸ್ತ್ರಚಿಕಿತ್ಸಕರು ಗುರಿಯ ಲೆಕ್ಕ ಬದಲಿಸದೆ, ರಕ್ತನಾಳಗಳನ್ನು ತಪ್ಪಿಸುವ ದಾರಿಯನ್ನು ಬೇಕಾದಂತೆ ಆರಿಸಿಕೊಳ್ಳಬಹುದು. ಎಲ್ಲ ದಿಕ್ಕಿನಿಂದ ಒಂದೇ ಬಿಂದುವಿಗೆ ಬರುವುದು ಸೂಜಿಯೇ ಯಾಕಾಗಬೇಕು, ವಿಕಿರಣವೂ ಆಗಬಹುದಲ್ಲ ಎಂದು 1951ರಲ್ಲಿ ಅವನೇ ಮುಂದಿಟ್ಟ ವಿಚಾರ 1968ರ ಹೊತ್ತಿಗೆ ಕೋಬಾಲ್ಟ್‌ನ 179 ಮೂಲಗಳಿದ್ದ ಮೊದಲ ಗಾಮಾ ನೈಫ್ ಆಯಿತು.

1950ರ ದಶಕದಲ್ಲಿ ಈ ವಿದ್ಯೆಯನ್ನು ಬೆಳೆಸಿದ್ದು ಪಾರ್ಕಿನ್ಸನ್ ನಡುಕ. 1952ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಕೂಪರ್ ಬೇರೊಂದು ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ ಒಂದು ರಕ್ತನಾಳ ಹರಿಯಿತು. ಅದನ್ನು ಮುಚ್ಚಿ ಶಸ್ತ್ರಚಿಕಿತ್ಸೆಯನ್ನು ಅಲ್ಲಿಗೇ ನಿಲ್ಲಿಸಿದ. ಎಚ್ಚರವಾದ ರೋಗಿಯ ನಡುಕ ಮಾಯವಾಗಿತ್ತು, ಕೈಕಾಲಿನ ಬಲ ಹಾಗೇ ಇತ್ತು. ಆ ಆಕಸ್ಮಿಕವು ಮಿದುಳಿನ ಆಳದ ಯಾವ ಪ್ರದೇಶಕ್ಕೆ ಹೋಗಬೇಕೆಂಬುದಕ್ಕೆ ಸುಳಿವು ಕೊಟ್ಟಿತು. ಜರ್ಮನಿಯ ಫ್ರೈಬರ್ಗ್‌ನಲ್ಲಿ ಹಾಸ್ಲರ್ ಮತ್ತು ರೀಷರ್ಟ್ ಅಂಗರಚನೆಯ ಅಧ್ಯಯನದಿಂದ ಥಲಾಮಸ್‌ನ ನಿರ್ದಿಷ್ಟ ಭಾಗವನ್ನು ಗುರಿ ಮಾಡಿದರು. 1960ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಗಿಯೊ ಮತ್ತು ಆಲ್ಬ್-ಫೆಸಾರ್ ಅತಿ ಸೂಕ್ಷ್ಮ ಎಲೆಕ್ಟ್ರೋಡ್ ಇಳಿಸಿ, ದಾರಿಯುದ್ದಕ್ಕೂ ನರಕೋಶಗಳ ವಿದ್ಯುತ್ ಮಿಡಿತವನ್ನು ದಾಖಲಿಸುತ್ತ ಗುರಿಯನ್ನು ಖಚಿತಪಡಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಇದು ಫ್ರೇಮ್‌ಗಳಿಗಿಂತ ದೊಡ್ಡ ತಿರುವು. ಎಕ್ಸ್-ರೇಯ ನೆರಳಷ್ಟೇ ಇದ್ದ ಕಡೆ ಮಿದುಳಿನ ಸ್ವಂತ ಸದ್ದೂ ಗುರುತಾಯಿತು.

ಭಾರತದಲ್ಲಿ ಈ ಕೆಲಸದ ಮುಖ್ಯ ನೆಲೆ ಮದ್ರಾಸು. ಬಿ. ರಾಮಮೂರ್ತಿ, ವಿ. ಬಾಲಸುಬ್ರಹ್ಮಣ್ಯಂ, ಟಿ.ಎಸ್. ಕನಕಾ ಅವರ ತಂಡ ಚಲನೆಯ ಕಾಯಿಲೆಗಳ ಜೊತೆಗೆ ತೀವ್ರ ಆಕ್ರಮಣಶೀಲತೆಗೂ ಅಮಿಗ್ಡಲಾ, ಹೈಪೋಥಲಾಮಸ್‌ಗಳಲ್ಲಿ ನೂರಾರು ಶಸ್ತ್ರಚಿಕಿತ್ಸೆ ಮಾಡಿತು. ಸೂಜಿ ಸರಿಯಾದ ಜಾಗಕ್ಕೆ ಹೋಗುವುದು ಬೇರೆ, ಆ ಜಾಗಕ್ಕೆ ಹೋಗಬಹುದೇ ಎಂಬ ಪ್ರಶ್ನೆ ಬೇರೆ. ಅದರಲ್ಲೂ ತನ್ನ ಪರವಾಗಿ ಮಾತನಾಡಲಾಗದ ರೋಗಿಯ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಗೆ ಯಾವ ಅಟ್ಲಾಸ್‌ನಲ್ಲೂ ಉತ್ತರವಿಲ್ಲ. ಈ ಬಗೆಯ ಶಸ್ತ್ರಚಿಕಿತ್ಸೆಗಳನ್ನು ಇಂದು ಕಠಿಣವಾಗಿ ಪ್ರಶ್ನಿಸುತ್ತಾರೆ, ಪ್ರಶ್ನಿಸಬೇಕು ಕೂಡ. ಬೆಂಗಳೂರಿನಲ್ಲಿ, 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡ ಸಂಸ್ಥೆಯ ನಿರ್ದೇಶಕರಾಗಿದ್ದ ಆರ್. ಮಾರ್ತಾಂಡ ವರ್ಮ ಪಾರ್ಕಿನ್ಸನ್ ರೋಗಿಗಳಿಗೆ ತಮ್ಮದೇ ವಿಧಾನ ರೂಪಿಸಿದರು. ಬುರುಡೆಗೆ ರಂಧ್ರ ಕೊರೆಯದೆ ಫೋರಾಮೆನ್ ಓವೆಲ್‌ನಿಂದ ಮೇಲೇರಿ ಥಲಾಮಸ್ ತಲುಪುವ ದಾರಿ ಅದು. ಕಿರ್ಷ್ನರ್ ಮುಖದ ನೋವಿಗೆ ಬಳಸಿದ ಅದೇ ಬಾಗಿಲಿನಿಂದ ಇನ್ನೂ ಒಳಗೆ ಹೋಗುವ ಈ ಪ್ರಯತ್ನ ‘ವರ್ಮ ವಿಧಾನ’ ಎಂದೇ ಹೆಸರಾಯಿತು. ಕರ್ನಾಟಕದ ವೈದ್ಯಕೀಯ ಚರಿತ್ರೆಯಲ್ಲಿ ಇದಕ್ಕೆ ಸಿಕ್ಕಿರುವ ಜಾಗ ತೀರ ಕಡಿಮೆ.

1960ರ ದಶಕದ ಕೊನೆಗೆ ಲೆವೊಡೋಪಾ ಮಾತ್ರೆ ಬಂತು. ನಡುಕಕ್ಕೆ ಶಸ್ತ್ರಚಿಕಿತ್ಸೆ ಬೇಡವಾಯಿತು. ಫ್ರೇಮ್‌ಗಳು ಕಪಾಟು ಸೇರಿದವು.

ಅವನ್ನು ಹೊರಗೆ ತೆಗೆಸಿದ್ದು ಸಿ.ಟಿ. ಸ್ಕ್ಯಾನ್. 1971ರಲ್ಲಿ ಹೌನ್ಸ್‌ಫೀಲ್ಡ್‌ನ ಯಂತ್ರ ಲಂಡನ್ನಿನಲ್ಲಿ ಮೊದಲ ರೋಗಿಯ ಚಿತ್ರ ತೆಗೆದಾಗ, ಗೆಡ್ಡೆಯೇ ನೇರವಾಗಿ ಕಣ್ಣಿಗೆ ಬಿತ್ತು. ಆದರೆ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿತು: ಚಿತ್ರದ ಈ ಚುಕ್ಕೆ ತಲೆಯಲ್ಲಿ ಎಲ್ಲಿದೆ? ಪ್ರತಿ ಹೋಳುಚಿತ್ರವೂ ಚಪ್ಪಟೆ. ಅದು ಯಾವ ಎತ್ತರದ, ಎಷ್ಟು ಓರೆಯ ಹೋಳು ಎಂಬುದು ಚಿತ್ರದಿಂದ ಗೊತ್ತಾಗದು. ಉತ್ತರ ಕೊಟ್ಟವನು ಯೂಟಾ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿ ರಸೆಲ್ ಬ್ರೌನ್, 1978ರಲ್ಲಿ. ತಲೆಯ ಫ್ರೇಮ್‌ಗೆ ಮೂರು ಬದಿಗಳಲ್ಲಿ ಇಂಗ್ಲಿಷಿನ ‘ಎನ್’ ಅಕ್ಷರದ ಆಕಾರಕ್ಕೆ ಕಡ್ಡಿಗಳನ್ನು ಜೋಡಿಸಿದ: ಎರಡು ನೆಟ್ಟಗೆ, ಒಂದು ಓರೆ. ಸ್ಕ್ಯಾನ್ ಹೋಳು ಹಾಯ್ದಲ್ಲಿ ಪ್ರತಿ ‘ಎನ್’ ಮೂರು ಚುಕ್ಕೆಗಳಾಗಿ ಕಾಣುತ್ತದೆ. ಅಕ್ಕಪಕ್ಕದ ಎರಡು ಚುಕ್ಕೆ ಸ್ಥಿರ, ನಡುವಿನದು ಹೋಳಿನ ಎತ್ತರಕ್ಕೆ ತಕ್ಕಂತೆ ಆಚೀಚೆ ಸರಿಯುತ್ತದೆ. ಸರಿಯಾಗಿ ಮಧ್ಯದಲ್ಲಿದ್ದರೆ ಹೋಳು ಕಡ್ಡಿಯ ಅರ್ಧ ಎತ್ತರದಲ್ಲಿದೆ. ಒಂದು ಬದಿಯಿಂದ ಕಾಲು ಭಾಗದಲ್ಲಿದ್ದರೆ ಕಾಲು ಎತ್ತರದಲ್ಲಿ. ಮೂರು ‘ಎನ್’ಗಳಿಂದ ಮೂರು ಬಿಂದುಗಳ ಎತ್ತರ ಸಿಕ್ಕಿದರೆ, ಹೋಳು ಎಷ್ಟೇ ವಾಲಿದ್ದರೂ ಅದರ ಸಮತಲ ಪೂರ್ತಿ ನಿಶ್ಚಯವಾಗುತ್ತದೆ. ಪ್ರೌಢಶಾಲೆಯ ಸಮರೂಪ ತ್ರಿಭುಜಗಳ ಪ್ರಮೇಯದ ಮೇಲೆ ನಿಂತ ಈ ಉಪಾಯದಿಂದ ಗುರಿ ಮತ್ತು ಗುರುತು ಒಂದೇ ಚಿತ್ರದೊಳಗೆ ಬಂದವು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಆವಿಷ್ಕಾರ ಇದು.

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಿಂದ ಬೆನಬಿಡ್ ಮತ್ತು ಪೊಲಾಕ್ ವರದಿ ಮಾಡಿದ್ದು ಗುರಿಯಲ್ಲಿ ಮಾಡುವ ಕೆಲಸವನ್ನೇ ಬದಲಿಸಿತು. ಸುಡುವ ಮುಂಚೆ ಜಾಗ ಪರೀಕ್ಷಿಸಲು ಕೊಡುತ್ತಿದ್ದ ವಿದ್ಯುತ್ ಪ್ರಚೋದನೆಯನ್ನು ಸೆಕೆಂಡಿಗೆ ನೂರರ ಆಸುಪಾಸಿನ ವೇಗಕ್ಕೆ ಏರಿಸಿದಾಗ ನಡುಕ ನಿಲ್ಲುತ್ತಿತ್ತು. ಹಾಗಿದ್ದರೆ ಸುಡುವುದೇಕೆ, ಎಲೆಕ್ಟ್ರೋಡನ್ನು ಅಲ್ಲೇ ಬಿಡಬಹುದಲ್ಲ? ಪೇಸ್‌ಮೇಕರ್ ಮಾದರಿಯ ಬ್ಯಾಟರಿಗೆ ಜೋಡಿಸಿದ, ಒಂದೂಕಾಲು ಮಿಲಿಮೀಟರ್ ದಪ್ಪದ ತಂತಿಯ ಡೀಪ್ ಬ್ರೈನ್ ಸ್ಟಿಮ್ಯುಲೇಷನ್ (ಡಿಬಿಎಸ್) ಚಿಕಿತ್ಸೆ ಹೀಗೆ ಹುಟ್ಟಿತು. ಲೆವೊಡೋಪಾದ ಅಡ್ಡಪರಿಣಾಮಗಳಿಂದ ಬಳಲುತ್ತಿದ್ದ ರೋಗಿಗಳು ಮತ್ತೆ ಫ್ರೇಮ್‌ನತ್ತ ಬಂದರು.

ಫ್ರೇಮ್ ಇಲ್ಲದೆಯೂ ದಿಕ್ಕು ತೋರಿಸುವ ಯತ್ನ ಅಷ್ಟರಲ್ಲಿ ಶುರುವಾಗಿತ್ತು. 1986ರಲ್ಲಿ ಅಮೆರಿಕದ ಡಾರ್ಟ್‌ಮತ್‌ನ ಡೇವಿಡ್ ರಾಬರ್ಟ್ಸ್ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ ಎಲ್ಲಿದೆ ಎಂಬುದನ್ನು ಶಬ್ದತರಂಗಗಳಿಂದ ಪತ್ತೆಹಚ್ಚಿ, ಸಿ.ಟಿ. ಚಿತ್ರದ ಗುರಿಯನ್ನು ಅದರೊಳಗೇ ಕಾಣುವಂತೆ ಮಾಡಿದ. ಇಂದಿನ ಆಪರೇಷನ್ ಥಿಯೇಟರ್‌ಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಇನ್‌ಫ್ರಾರೆಡ್ ಕ್ಯಾಮೆರಾಗಳು ಮಾಡುತ್ತವೆ. ಈ ವಿಧಾನದ ಮಿತಿಯನ್ನು ಅಳೆದು ತೋರಿಸಿದ್ದೂ ರಾಬರ್ಟ್ಸ್‌ನ ತಂಡವೇ. ಬುರುಡೆ ತೆರೆದು ದ್ರವ ಹರಿದ ಮೇಲೆ ಮಿದುಳು ತನ್ನ ಭಾರಕ್ಕೆ ಕುಸಿಯುತ್ತದೆ, ಕೆಲವೊಮ್ಮೆ ಒಂದು ಸೆಂಟಿಮೀಟರ್‌ನಷ್ಟು. ಆಗ ಪರದೆಯ ಮೇಲಿರುವುದು ಶಸ್ತ್ರಚಿಕಿತ್ಸೆಗೆ ಮುಂಚಿನ ಮಿದುಳು. 1990ರ ದಶಕದ ಮಧ್ಯದಲ್ಲಿ ಬಾಸ್ಟನ್ನಿನಲ್ಲಿ ಎಂ.ಆರ್.ಐ. ಯಂತ್ರವನ್ನೇ ಥಿಯೇಟರಿನೊಳಗೆ ತಂದದ್ದು ಈ ಕಾರಣಕ್ಕೆ.

ಸದ್ಯದ ಚರ್ಚೆಯೂ ಇದೇ ಪ್ರಶ್ನೆಯ ಸುತ್ತ ನಡೆಯುತ್ತಿದೆ. ಎಂ.ಆರ್.ಐ.ಯಲ್ಲಿ ಗುರಿ ಸ್ಪಷ್ಟವಾಗಿ ಕಾಣುವುದರಿಂದ ಡಿಬಿಎಸ್ ರೋಗಿಯನ್ನು ಪೂರ್ಣ ಅರಿವಳಿಕೆಯಲ್ಲಿಟ್ಟು ಚಿತ್ರವನ್ನೇ ನಂಬಬಹುದು ಎನ್ನುವವರು ಒಂದು ಕಡೆ. ಎಚ್ಚರವಿರುವ ರೋಗಿಯ ಕೈ, ಮಾತು, ನರಕೋಶಗಳ ಮಿಡಿತ ನೋಡದೆ ತಂತಿ ಬಿಡಬಾರದು ಎನ್ನುವವರು ಇನ್ನೊಂದು ಕಡೆ. ತಾಸುಗಟ್ಟಲೆ ಫ್ರೇಮ್‌ನಲ್ಲಿ ಎಚ್ಚರವಾಗಿ ಮಲಗಿರುವ ಭಯವನ್ನು ತಾಳಲಾರದವರಿಗೆ ಮೊದಲ ದಾರಿ ದೊಡ್ಡ ಕೃಪೆ. ಆದರೆ ಚಿತ್ರದಿಂದ ಮಾತ್ರ ತಿಳಿಯದ ಸಂಗತಿಗಳೂ ಇವೆ. 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ಗಿಟಾರ್ ನುಡಿಸುವಾಗ ಮಾತ್ರ ಬೆರಳು ಸೆಟೆದುಕೊಳ್ಳುವ ಡಿಸ್ಟೋನಿಯಾ ಇದ್ದವರೊಬ್ಬರಿಗೆ ಥಲಾಮಸ್‌ನ ಬಿಂದು ಸುಡಬೇಕಿತ್ತು. ಆ ತೊಂದರೆ ಅವರು ಸುಮ್ಮನೆ ಮಲಗಿದ್ದಾಗ ತೋರುವುದೇ ಇಲ್ಲ. ಹಾಗಾಗಿ ಫ್ರೇಮ್ ಬಿಗಿದ ಸ್ಥಿತಿಯಲ್ಲೇ ಅವರ ಕೈಗೆ ಗಿಟಾರ್ ಕೊಟ್ಟು ನುಡಿಸಲು ಹೇಳಿದರು. ಸರಿಯಾದ ಜಾಗ ಸಿಕ್ಕಿತೇ, ಸುಟ್ಟದ್ದು ಸಾಕಾಯಿತೇ ಎಂಬುದನ್ನು ಬೆರಳುಗಳು ಸಡಿಲವಾಗುವುದನ್ನು ನೋಡಿಯೇ ತೀರ್ಮಾನಿಸಿದರು.