ಧಾರ್ಮಿಕ ಸಂಸ್ಥೆಗಳ ಲೈಂಗಿಕ ಶಿಕ್ಷಣ ಶಿಬಿರಗಳು: ಸಂಪನ್ಮೂಲ ವ್ಯಕ್ತಿಗಳ ತರಬೇತಿ

ಮಠ, ಚರ್ಚ್, ಮದರಸಾ ಮುಂತಾದ ಧಾರ್ಮಿಕ ಸಂಸ್ಥೆಗಳು ಹದಿಹರೆಯದವರಿಗೆ ಲೈಂಗಿಕ ಶಿಕ್ಷಣ ಶಿಬಿರ ಏರ್ಪಡಿಸುವುದಾದಲ್ಲಿ, ಅದನ್ನು ನಡೆಸಿಕೊಡುವ ಸಂಪನ್ಮೂಲ ವ್ಯಕ್ತಿಗಳಿಗೆ ಮುಂಚಿತವಾಗಿ ತರಬೇತಿ ನೀಡುವುದು ಅವಶ್ಯಕ. ಸಂಯಮ, ವಿವಾಹ, ಕುಟುಂಬ ಕುರಿತ ಬೋಧನೆ ಆಯಾ ಧರ್ಮಕ್ಕೆ ಸೇರಿದ್ದು. ಋತುಚಕ್ರ, ಗರ್ಭಧಾರಣೆ, ಎಚ್.ಐ.ವಿ. ಹರಡುವ ಬಗೆ ಇತ್ಯಾದಿಗಳನ್ನು ವೈದ್ಯಶಾಸ್ತ್ರದ ಪ್ರಕಾರವೇ ತಿಳಿಸತಕ್ಕದ್ದು. ಇದಕ್ಕೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳ ಆಪ್ತಸಮಾಲೋಚಕರ ನೆರವು ಕೋರಬಹುದು.

ತರಬೇತಿಯಲ್ಲಿ ಹೆಚ್ಚಿನ ಅವಧಿ ಮೀಸಲಿಡಬೇಕಾದ ವಿಷಯ ಬೇರೆಯೇ ಇದೆ. ಇಂತಹ ಶಿಬಿರದಲ್ಲಿ ಮಗುವೊಂದು ತನ್ನ ಮೇಲಾದ ದೌರ್ಜನ್ಯವನ್ನು ಮೊದಲ ಬಾರಿಗೆ ಹೇಳಿಕೊಳ್ಳುವ ಸಂಭವವಿರುತ್ತದೆ. ಆಗ "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಕೂಡದು. ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆ, 2012 (ಪೋಕ್ಸೊ) ಕಲಂ 19ರಂತೆ, 18 ವರ್ಷದೊಳಗಿನವರ ಮೇಲೆ ಅಪರಾಧ ನಡೆದಿರುವುದು ತಿಳಿದುಬಂದ ಯಾವುದೇ ವ್ಯಕ್ತಿಯು ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ಮಾಹಿತಿ ನೀಡತಕ್ಕದ್ದು. ಧರ್ಮಗುರುಗಳಿಗೆ ಈ ಕಲಂನಲ್ಲಿ ವಿನಾಯಿತಿ ಹೇಳಿಲ್ಲ. ತಪ್ಪಿದಲ್ಲಿ 6 ತಿಂಗಳವರೆಗೆ ಕಾರಾಗೃಹ ವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಧೀನ ಸಿಬ್ಬಂದಿಯ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಕಾರಾಗೃಹ ವಾಸ ಹಾಗೂ ದಂಡ ಉಂಟು. ಸದ್ಭಾವನೆಯಿಂದ ಮಾಹಿತಿ ನೀಡಿದವರ ಮೇಲೆ ಯಾವುದೇ ಹೊಣೆ ಬರುವುದಿಲ್ಲ.

ಮಗು ಹೇಳಿದ್ದು ನಿಜವೇ ಎಂದು ಸಂಸ್ಥೆಯೊಳಗೆ ವಿಚಾರಣೆ ನಡೆಸುವುದು ಸಂಪನ್ಮೂಲ ವ್ಯಕ್ತಿಯ ಕೆಲಸವಲ್ಲ. ಸಂಸ್ಥೆಯ ಮರ್ಯಾದೆಯ ಪ್ರಶ್ನೆ ಎದ್ದಾಗ ಮೊದಲು ಮರೆತುಹೋಗುವುದು ಇದೇ. ಮಗುವಿನ ಗುರುತನ್ನು ಇತರರಿಗೆ ತಿಳಿಸಬಾರದು.

ಮಕ್ಕಳೊಡನೆ ನಿರಂತರ ಸಂಪರ್ಕವಿರುವ ಸಂಸ್ಥೆಗಳು ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕೆಂದು ಪೋಕ್ಸೊ ನಿಯಮಗಳು, 2020 ವಿಧಿಸಿವೆ. ಸ್ವಯಂಸೇವಕರ ವಿಷಯದಲ್ಲಿಯೂ ಇದನ್ನು ಪಾಲಿಸುವುದು ಸೂಕ್ತ.

ಮಕ್ಕಳ ಸಹಾಯವಾಣಿ: 1098 (ಉಚಿತ, ದಿನದ 24 ಗಂಟೆ).