ಹರಕೆ ಹೆತ್ತವರದು, ಬದುಕು ಮಗುವಿನದು



ಮಗುವಿಗೆ ಯಾವ ಚಿಕಿತ್ಸೆ ಬೇಕು, ಯಾವ ವ್ರತ ಬೇಕು ಎಂದು ನಿರ್ಧರಿಸುವ ಹಕ್ಕು ಹೆತ್ತವರದೋ, ಸರ್ಕಾರದ್ದೋ? 2012ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು ಅಪ್ರಾಪ್ತರ ಲೈಂಗಿಕ ಒಲವನ್ನು ಬದಲಿಸಲೆತ್ನಿಸುವ ಚಿಕಿತ್ಸೆಯನ್ನು ಪರವಾನಗಿ ಪಡೆದ ಚಿಕಿತ್ಸಕರಿಗೆ ನಿಷೇಧಿಸಿದಂದಿನಿಂದ ಅಲ್ಲಿನ ಅನೇಕ ಧರ್ಮಶ್ರದ್ಧೆಯ ಪೋಷಕರು ಈ ಪ್ರಶ್ನೆಯನ್ನು ಎತ್ತುತ್ತ ಬಂದಿದ್ದಾರೆ. ವಿಷಯ ಬೇರೆಯಾದರೂ ಇದೇ ಪ್ರಶ್ನೆ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಸೀಮೆಗೆ ಬಹು ಹಿಂದೆಯೇ ಬಂದಿತ್ತು.

ನರಗುಂದಕ್ಕೆ ನೆರೆಯಾದ ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡವಿದೆ. ಮಗಳ ಕೂದಲು ಜಡೆಗಟ್ಟಿದರೆ, ಮೈಮೇಲೆ ಚರ್ಮರೋಗ ಕಾಣಿಸಿದರೆ ಅದನ್ನು ದೇವಿಯ ಕರೆಯೆಂದು ನಂಬಿದ ಕುಟುಂಬಗಳು ಉತ್ತರ ಕರ್ನಾಟಕದಲ್ಲಿ ಅನೇಕ. ಮನೆಯವರ ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತು ಎಳೆಯ ಹುಡುಗಿಗೆ ಮುತ್ತು ಕಟ್ಟಿಸುವುದೂ ಇತ್ತು. ಹೀಗೆ ದೇವದಾಸಿಯಾದವಳಿಗೆ ಮದುವೆಯಿಲ್ಲ. ಅವಳ ಮೇಲೆ ಊರಿನ ಉಳ್ಳವರ ಕಣ್ಣು. ಆದರೂ ಹೆತ್ತವರ ಪಾಲಿಗೆ ಅದು ಕ್ರೌರ್ಯವಲ್ಲ, ಭಕ್ತಿ. ವೈದ್ಯನ ಮುಖವನ್ನೇ ಕಾಣದ ಬಡವರಿಗೆ ಅದೇ ಮದ್ದು.

ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ, 1934ರಲ್ಲಿ, ದೇವದಾಸಿಯರ ರಕ್ಷಣಾ ಕಾಯ್ದೆ ಬಂದಿತು. ಹೆಣ್ಣಿನ ಒಪ್ಪಿಗೆ ಇರಲಿ, ಇಲ್ಲದಿರಲಿ, ಸಮರ್ಪಣೆ ಕಾನೂನುಬಾಹಿರವೆಂದು ಅದು ಸಾರಿತು. ಕರ್ನಾಟಕದ 1982ರ ಕಾಯ್ದೆ 1984ರಲ್ಲಿ ಜಾರಿಯಾಯಿತು. ಅದರ ಒಂದು ಅಂಶ ಗಮನಾರ್ಹ. ಸಮರ್ಪಿಸಿದ ಇತರರಿಗೆ ಗರಿಷ್ಠ 3 ವರ್ಷ ಸೆರೆವಾಸ. ತಂದೆತಾಯಿ, ಪೋಷಕ ಅಥವಾ ಬಂಧುವಾಗಿದ್ದರೆ ಕನಿಷ್ಠ 2, ಗರಿಷ್ಠ 5 ವರ್ಷ. ಹೆತ್ತವರೆಂಬುದು ರಿಯಾಯಿತಿಗೆ ಕಾರಣವಾಗಲಿಲ್ಲ. ಹೆಚ್ಚಿನ ಹೊಣೆಗೆ ಕಾರಣವಾಯಿತು.

2017ರಲ್ಲಿ ಅಂಗೀಕಾರಗೊಂಡು 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯ್ದೆಯೂ ಇದೇ ಜಾಡಿನದು. ರೋಗ ವಾಸಿಮಾಡುವ ಹೆಸರಿನಲ್ಲಿ ಮಕ್ಕಳನ್ನು ಮುಳ್ಳಿನ ಮೇಲೆ ಎಸೆಯುವುದನ್ನೂ, ಹಾವು ಕಚ್ಚಿದವರಿಗೆ ವೈದ್ಯೋಪಚಾರ ತಪ್ಪಿಸಿ ಮಂತ್ರಿಸುವುದನ್ನೂ ಅದು ತಡೆಯಿತು. ಆದರೆ ಮಕ್ಕಳ ಕಿವಿ ಮೂಗು ಚುಚ್ಚಿಸುವ ಸಂಸ್ಕಾರವನ್ನೂ ಪ್ರಾರ್ಥನೆಯನ್ನೂ ಮುಟ್ಟಲಿಲ್ಲ. ಗೆರೆ ಎಳೆದದ್ದು ನಂಬಿಕೆಗಲ್ಲ, ಹಾನಿಗೆ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮಕ್ಕಳ ಧಾರ್ಮಿಕ ಶಿಕ್ಷಣವನ್ನು ನಿರ್ಧರಿಸುವ ಹಕ್ಕು ಹೆತ್ತವರದೆಂದು ಘೋಷಿಸಿತು. ಅದೇ ಘೋಷಣೆ ಧಾರ್ಮಿಕ ಸ್ವಾತಂತ್ರ್ಯಕ್ಕೆ ನ್ಯಾಯಯುತ ಮಿತಿಯನ್ನೂ ಒಪ್ಪಿತು. ನಮ್ಮ ಸಂವಿಧಾನದ 25ನೆಯ ವಿಧಿಯೂ ಆ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಡಿಸಿದೆ. ಆದುದರಿಂದ ಹೆತ್ತವರ ಹಕ್ಕು ಒಡೆತನವಲ್ಲ, ಪಾಲನೆ. ಶ್ರೀಗ್ರಂಥದ ಯೆಪ್ತಾಹನು ದುಡುಕಿ ಹರಕೆ ಹೊತ್ತ. ಅದನ್ನು ತೀರಿಸಿದವಳು ಅವನ ಒಬ್ಬಳೇ ಮಗಳು.

ಕಾನೂನೊಂದೇ ಸಾಕೆಂದು ಭಾವಿಸುವುದೂ ತಪ್ಪು. 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿದವು. ಶಿಕ್ಷೆಯ ಭಯವು ಆಚರಣೆಯನ್ನು ಗುಡ್ಡದಿಂದ ಮನೆಯ ಮುಚ್ಚಿದ ಬಾಗಿಲೊಳಗೆ ಸರಿಸಬಲ್ಲುದು, ಬಡತನವನ್ನು ನೀಗಲಾರದು. ಹರಕೆ ಹೊರುವ ತಾಯಿಗೆ ಸಮೀಪದಲ್ಲೊಬ್ಬ ವೈದ್ಯ, ಮಗಳಿಗೊಂದು ಶಾಲೆ, ಕಷ್ಟ ಕೇಳುವ ನೆರೆಹೊರೆ ದೊರೆತಾಗಲೇ ಕಾಯ್ದೆಯ ಮಾತು ಅವಳಿಗೆ ಕೇಳಿಸೀತು. ಕಾಯ್ದೆ ಬರೆಯುವುದು ಸರ್ಕಾರದ ಕೆಲಸ. ಆ ನೆರೆಹೊರೆಯಾಗುವುದು ನಮ್ಮ ಕೆಲಸ.